ನಾಗಸಾಕಿಯಿಂದ ಬಂದ ಡ್ರ್ಯಾಗನ್

ಗಲ್ಫಿನ ಹಮದ್ ಬಂದರಿನ ಹತ್ತಿರ, ಸರಕು ಬಿಡಿಸಿಕೊಡುವ ಆಫೀಸಿನಲ್ಲಿ ನನಗೆ ಕೆಲಸ. ಎಲ್ಲ ದೇಶದ ಸಾಮಾನು ಬಂದು ಬೀಳುವ ಜಾಗದಲ್ಲಿ ಎಡವಟ್ಟಿಗೇನೂ ಬರವಿಲ್ಲ. ಜಪಾನಿನ ನಾಗಸಾಕಿ ಬಂದರಿನವರೊಬ್ಬರು ನಮ್ಮಲ್ಲಿಗೆ ಎಂಜಿನಿಯರಾಗಿ ಬಂದ ಮೇಲಂತೂ ವಾರಕ್ಕೊಂದು.

೧. ಊಟ

ಎಂಜಿನಿಯರ್ ಸಾಹೇಬರು ನನ್ನನ್ನೂ ನನ್ನ ಸಹೋದ್ಯೋಗಿ ಉಳ್ಳಾಲದ ಬ್ಯಾರಿ ಕಾಕನನ್ನೂ ಬಿನ್ ಒಮ್ರಾನಿನ ತಮ್ಮ ಫ್ಲ್ಯಾಟಿಗೆ ಊಟಕ್ಕೆ ಕರೆದರು. ಅವರೂರಿನ ಚಾಂಪೋನ್ ನೂಡಲ್ಸ್. ಅದಕ್ಕೆ ಹಂದಿಮಾಂಸ ಹಾಕುತ್ತಾರೆಂದು ನಾನು ಮೊಬೈಲಿನಲ್ಲಿ ಓದಿಬಿಟ್ಟಿದ್ದೆ. ಕಾಕನಿಗೆ ಅದು ಹರಾಮು; ಯಾರಿಗೆ ಹೇಗೆ ಹೇಳುವುದೆಂದು ಲಿಫ್ಟಿನಲ್ಲೇ ಬೆವರಿದೆ.

ಬಾಗಿಲು ತೆಗೆದವರೇ ಸಾಹೇಬರು, "ಬರೀ ಕೋಳಿ, ಸಿಗಡಿ" ಅಂದರು. ನನಗೆ ಹೋದ ಜೀವ ಬಂತು.

"ಇದು ನಮ್ಮ ಬಂದರಿಗೆ ಬಂದ ಚೀನಿಯರು ಕಲಿಸಿದ ಅಡುಗೆ" ಎಂದೂ ಹೇಳಿದರು.

ಕಾಕ ಮೂರನೇ ಸಲ ಬಟ್ಟಲು ಚಾಚಿದರು: "ನಮ್ಮ ಕರಾವಳಿಗೂ ಬಂದಿದ್ರಂತೆ ಮಾರಾಯ್ರೆ. ಇವರಿಗೆ ನೂಡಲ್ಸ್, ನಮಗೆ ಬರೀ ಉಪ್ಪಿನಕಾಯಿಯ ಚೀನೀ ಭರಣಿ!"

೨. ಸರ್ಟಿಫಿಕೇಟು

ಚೀನಿಯರಿಂದ ನಾಗಸಾಕಿ ಕಲಿತ ಇನ್ನೊಂದು ವಿದ್ಯೆ ಡ್ರ್ಯಾಗನ್ ಕುಣಿತ. ಲುಸೈಲಿನ ಒಂದು ಕಾರ್ಯಕ್ರಮಕ್ಕೆ ಸಾಹೇಬರು ಊರಿಂದ ಡ್ರ್ಯಾಗನ್ ತರಿಸಿದರು. ಫಾರ್ಮ್ ತುಂಬಿದವನು ನಾನು: 'ಡ್ರ್ಯಾಗನ್, ಒಂದು, ಇಪ್ಪತ್ತು ಮೀಟರ್.' ಅವಸರದಲ್ಲಿ ನನ್ನ ಬೆರಳು 'ಜೀವಂತ ಪ್ರಾಣಿ' ಎಂಬಲ್ಲಿ ಒತ್ತಿಬಿಟ್ಟಿತ್ತು.

ತಪಾಸಣೆಯ ಅಧಿಕಾರಿಯ ಫೋನು ಬಂತು: "ಪಶುವೈದ್ಯರ ಸರ್ಟಿಫಿಕೇಟ್ ಎಲ್ಲಿ?"

ಕಾರ್ಯಕ್ರಮಕ್ಕೆ ಎರಡೇ ದಿನ. ಓಡಿದೆ. ಪೆಟ್ಟಿಗೆ ತೆರೆದರೆ ಬಟ್ಟೆ, ಬಿದಿರು. ಅಧಿಕಾರಿ ಅದರ ತಲೆ ಸವರಿ, ನಗದೆ ಮೊಹರು ಒತ್ತಿದರು.

"ಪ್ರಯಾಣದಲ್ಲಿ ಪಾಪ ಸೊರಗಿದೆ. ಯಲ್ಲಾ, ಬೇಗ ಏನಾದರೂ ತಿನ್ನಿಸಿ!"

೩. ಬಾಲ

ಕಾರ್ಯಕ್ರಮದ ದಿನ ಡ್ರ್ಯಾಗನ್ ಹೊರುವ ಹತ್ತು ಜನರಲ್ಲಿ ಇಬ್ಬರಿಗೆ ಜ್ವರ. ಸಾಹೇಬರ ಮುಖ ನೋಡಲಾಗದೆ ನಾನೂ ಕಾಕನೂ ಬಾಲದ ಕೋಲು ಹಿಡಿದೆವು. "ಮುಂದಿನವರನ್ನು ನೋಡಿ ಹೆಜ್ಜೆ ಹಾಕಿ, ಸಾಕು" ಅಂದರು.

ಡೋಲು ಬಡಿದದ್ದೇ ತಡ, ಕಾಲು ನನ್ನ ಮಾತು ಕೇಳಲಿಲ್ಲ. ಚಿಕ್ಕಂದಿನಲ್ಲಿ ದಸರಾಕ್ಕೆ ಹುಲಿವೇಷ ಕುಣಿದವನು ನಾನು. ತಲೆ ಎಡಕ್ಕೆ ತಿರುಗಿದರೆ ಬಾಲ ಹಾರಿತು, ಲಾಗ ಹಾಕುವುದೊಂದು ಬಾಕಿ. ನನ್ನನ್ನು ನೋಡಿ ಕಾಕನೂ ಶುರು.

ಮುಗಿದಾಗ ಮುಂದಿನ ಸಾಲಿನ ಚೀನೀ ಅಜ್ಜರೊಬ್ಬರು ಎದ್ದು ನೇರ ನಮ್ಮ ಕಡೆ ಬಂದರು. ಸಾಹೇಬರು ಕ್ಷಮೆ ಕೇಳಲು ಆಗಲೇ ಸೊಂಟ ಬಗ್ಗಿಸಿದ್ದರು.

ಅಜ್ಜ ಕಣ್ಣೊರೆಸಿಕೊಂಡು, "ತಲೆ ಪರವಾಗಿಲ್ಲ. ಬಾಲ ಅದ್ಭುತ! ನನ್ನ ಅಜ್ಜನ ಕಾಲದ ಕುಣಿತ, ನಮ್ಮಲ್ಲೇ ಮರೆತುಹೋಗಿದೆ. ಇದು ಯಾವ ಬಂದರಿನಲ್ಲಿ ಉಳಿದಿತ್ತು?" ಅಂದರು.

ಸಾಹೇಬರು ಉಸಿರು ಬಿಟ್ಟು ನಮ್ಮತ್ತ ನೋಡಿದರು. ಕಾಕ ಬೆವರೊರೆಸಿಕೊಂಡು ಎದೆಯುಬ್ಬಿಸಿದರು:

"ಮಂಗಳೂರು ಹಳೇ ಬಂದರು!"