ಎರಡು ಮೀನಿನ ಮನೆಗೆ ಮೂರನೆಯದು

ನಮ್ಮ ಮನೆಗೆ ಕರೆಯದೆ ಬರುವವರು ಮೊದಲಿನಿಂದಲೂ ಜಾಸ್ತಿ. ನಾನು ಮದುವೆಯಾಗಿ ಬಂದ ವರ್ಷ ಜೇನು ಬಂದು ಅಟ್ಟದಲ್ಲಿ ಕೂತಿತು. ಇನ್ನೊಂದು ವರ್ಷ ತಾಳಮಲೆ ಕಾಡಿನ ಕಡೆಯಿಂದ ಬಂದ ಆನೆ ಹಿತ್ತಲ ಬಾಳೆಯನ್ನೆಲ್ಲ ಉಂಡು, ದನದ ಬಾನಿಯಲ್ಲಿ ನೀರನ್ನೂ ಕುಡಿದು ನಿಧಾನಕ್ಕೆ ಹೋಯಿತು. ಇವೆಲ್ಲ ನಮ್ಮ ಬೆಟ್ಟದ ಮೇಲೆ ಎಲ್ಲರ ಮನೆಯಲ್ಲೂ ಆಗುವಂಥವೇ. ಆದರೆ ಸಮುದ್ರದ ಮೀನೊಂದು ತಾನಾಗಿಯೇ ಗೆಟ್ಟವಾಡಿಗೆ ಬಂದು ನಮ್ಮ ನಡುಮನೆಯಲ್ಲಿ ಬಿಡಾರ ಹೂಡಿತು ಎಂದರೆ ಯಾರೂ ನಂಬುವುದಿಲ್ಲ. ನಮ್ಮ ಅತ್ತೆ ನಂಬಿದರು, ಆದರೆ ಒಪ್ಪಲಿಲ್ಲ. ಕಷ್ಟ ಶುರುವಾಗಿದ್ದೇ ಅಲ್ಲಿಂದ.

ಷರತ್ತು

ನಾನು ತಾಳವಾಡಿಯ ಕನ್ನಡ ಶಾಲೆಯಲ್ಲಿ ಟೀಚರು. ಯಜಮಾನರದು ಮಿನಿ ಲಾರಿ. ಕೋಸು, ಬೀನ್ಸು ಹೇರಿಕೊಂಡು ತೂತುಕುಡಿಗೆ ಹೋಗುವುದು, ಬರುವಾಗ ಉಪ್ಪಿನ ಮೂಟೆ ತರುವುದು. ಮೊದಲ ಟ್ರಿಪ್ಪಿನಲ್ಲಿ ಕೋಸು ಇಳಿಸಿ ಸಮುದ್ರ ನೋಡಲು ಹೋದವರು ಮೂರು ಗಂಟೆ ಹೊತ್ತು ಅಲ್ಲೇ ನಿಂತಿದ್ದರಂತೆ. ಊರಿಗೆ ಬಂದ ಮೇಲೆ ವಾರವಿಡೀ ಅದೇ ಮಾತು.

"ಅವ್ವಾ, ಬದುಕಿರೋದ್ರೊಳಗೆ ಒಂದ್ ಸಲ ಕಡಲ ನೋಡ್ಬೇಕು ಕಣವ್ವ."

ನಮ್ಮ ಅತ್ತೆಗೆ ಬಸ್ಸು ಹತ್ತಿದರೆ ವಾಂತಿ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿಯುವುದೆಂದರೆ ಆಗದ ಮಾತು. "ಅದೇ ಇಲ್ಲಿಗೆ ಬಂದ್ರೆ ನೋಡ್ತೀನಿ, ಓಗ್ಲಾ" ಅಂದುಬಿಟ್ಟರು.

ಇವರು ಆ ಮಾತನ್ನೇ ಹಿಡಿದುಕೊಂಡರು. ಮುಂದಿನ ಟ್ರಿಪ್ಪಿನಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ, ಗಾಳಿ ಊದುವ ಚಿಕ್ಕ ಮೋಟರು, ಆರು ಕ್ಯಾನು ಸಮುದ್ರದ ನೀರು, ಎರಡು ಮೀನು ಬಂದವು. ಮೀನು ಕೊಡಿಸಿದವರು ತೂತುಕುಡಿಯ ಉಪ್ಪಿನ ಗೋಡೌನಿನ ಮೇಸ್ತ್ರಿ, ಇವರ ದೋಸ್ತಿ. ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆ, ನೋಡಲು ಬಲು ಚಂದ.

ನಾವು ಮೀನು ಮಾಂಸ ಮುಟ್ಟದ ಜನ. ಅತ್ತೆ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ತೀರ್ಪು ಕೊಟ್ಟರು. "ಜೋಡಿ ಅಂತ ಎರಡು ಇರ್ಲಿ. ಮೂರನೇದು ಕಣ್ಗೆ ಬಿದ್ದ ದಿನ ತೊಟ್ಟಿ ಬೀದಿಗೆ, ಏಳಿವ್ನಿ."

ಯಜಮಾನರು ಒಪ್ಪಿ ತಲೆ ಮುಟ್ಟಿ ಆಣೆ ಮಾಡಿದರು. ಬೀದಿಯವರೆಲ್ಲ ಬಂದು ಮೀನು ನೋಡಿ ಹೊಗಳಿದರು. ಆದರೆ ಅವತ್ತಿನಿಂದ ಒಂದು ತಿಂಗಳು, ನಮ್ಮ ಮನೆಯಲ್ಲಿ ಯಾರಿಗೆ ಕುಡಿಯಲು ನೀರು ಕೊಟ್ಟರೂ ಮೊದಲು ಮೂಸಿ ನೋಡುತ್ತಿದ್ದರು.

ಕ್ಯಾನಿನಲ್ಲಿ ಏನು

ತೊಟ್ಟಿಗೆ ಆಗಾಗ ಹೊಸ ನೀರು ಬೇಕಲ್ಲ. ಹಾಗಾಗಿ ಪ್ರತಿ ಟ್ರಿಪ್ಪಿನಲ್ಲೂ ಉಪ್ಪಿನ ಮೂಟೆಗಳ ನಡುವೆ ಎರಡು ಕ್ಯಾನು ಬರುತ್ತಿದ್ದವು. ಒಂದು ಸಲ ಘಾಟಿಯ ಕೆಳಗೆ ಚೆಕ್‌ಪೋಸ್ಟಿನವರು ಇಬ್ಬರು, ದೊಡ್ಡ ಸಾಹೇಬರು ಮತ್ತು ಅವರ ಕೈಕೆಳಗಿನ ಚಿಕ್ಕವರು, ಲಾರಿ ನಿಲ್ಲಿಸಿದರು.

"ಎನ್ನಯ್ಯಾ ಇದು?"

"ಕಡಲ್ ತಣ್ಣಿ ಸಾರ್."

"ಕಡಲ್ ತಣ್ಣಿಯಾ? ಮಲೆ ಮೇಲೆಯಾ?"

ಬೆಟ್ಟದ ಮೇಲಕ್ಕೆ ಯಾರಾದರೂ ಸಮುದ್ರದ ನೀರು ಹೊರುತ್ತಾರೆಯೇ? ಸಾರಾಯಿಯೇ ಇರಬೇಕು ಎಂದು ದೊಡ್ಡವರಿಗೆ ಅನುಮಾನ. ಮುಚ್ಚಳ ತೆಗೆದು ಮೂಸಿದರು. ವಾಸನೆ ಇಲ್ಲ. ವಾಸನೆ ಇಲ್ಲದ ಮೇಲೆ ಒಳ್ಳೆಯ ಸರಕೇ ಇರಬೇಕು ಎಂದು ಅನುಮಾನ ಇನ್ನೂ ಗಟ್ಟಿಯಾಯಿತು. ಇವರು "ಬೇಡ ಸಾರ್, ಬೇಡ ಸಾರ್" ಅಂದಷ್ಟೂ ಅವರಿಗೆ ಆಸೆ ಜಾಸ್ತಿ. ಒಂದು ಲೋಟ ತರಿಸಿ, ಬಗ್ಗಿಸಿ, ಒಂದೇ ಗುಟುಕಿಗೆ ಇಳಿಸಿದರು.

ಚಿಕ್ಕವರು ಮೆಲ್ಲಗೆ ಕೇಳಿದರು, ನಿಜವಾಗಿಯೂ ಕಡಲ ನೀರೇನಾ ಸಾರ್ ಎಂದು. ದೊಡ್ಡವರು ಕಣ್ಣಲ್ಲಿ ನೀರು ತುಂಬಿಕೊಂಡು ಹೌದೆಂದು ತಲೆ ಆಡಿಸಿದರು. ಬಾಯಿ ಬಂದ ಮೇಲೆ ಅವರು ಹೇಳಿದ್ದು ಒಂದೇ ಮಾತು, "ಇದಕ್ಕೆ ಕೇಸು ಹಾಕಲು ಸೆಕ್ಷನ್ ಇಲ್ಲವಲ್ಲಯ್ಯಾ." ಅಲ್ಲಿಂದಾಚೆ ನಮ್ಮ ಲಾರಿ ಅರ್ಧ ಮೈಲಿ ದೂರದಲ್ಲಿ ಕಂಡರೂ ಗೇಟು ತಾನಾಗಿ ಮೇಲಕ್ಕೇಳುತ್ತಿತ್ತು.

ರುಚಿ ನೋಡುವುದು

ಯಜಮಾನರು ಟ್ರಿಪ್ಪಿಗೆ ಹೋದಾಗ ತೊಟ್ಟಿಯ ಜವಾಬ್ದಾರಿ ನನ್ನದು. ಒಂದು ಬೇಸಿಗೆಯಲ್ಲಿ ನೀರು ನಾಲ್ಕು ಬೆರಳು ಆರಿಹೋಯಿತು. ಬಾವಿ ನೀರು ಸುರಿದೆ. ಅತ್ತೆ ದೂರದಿಂದಲೇ ಆಕ್ಷೇಪ ಎತ್ತಿದರು. "ನೀರ್ ಆಕುದ್ಮೇಲೆ ಉಪ್ಪು ಆಕ್ಬೇಕಲ್ಲವ್ವ, ಸಪ್ಪಗಾಯ್ತದಲ್ಲ."

ಸಾರಿನ ಲೆಕ್ಕದಲ್ಲಿ ಅದು ಸರಿಯಾದ ಮಾತೇ. ಒಂದು ಹಿಡಿ ಕಲ್ಲುಪ್ಪು ಹಾಕಿದೆ. ಸಾಕೋ ಬೇಕೋ ಗೊತ್ತಾಗುವುದು ಹೇಗೆ? ರುಚಿ ನೋಡಬೇಕು. ಮೀನು ಮಿಂದ ನೀರನ್ನು ಅತ್ತೆ ಸತ್ತರೂ ನಾಲಿಗೆಗೆ ಸೋಕಿಸುವುದಿಲ್ಲ. ನಾನು ಬೆರಳು ಅದ್ದಿ ಚೀಪಿ, ರುಚಿಯನ್ನು ಬಾಯಲ್ಲಿ ಹೇಳಬೇಕು, ಅವರು ಕೂತಲ್ಲೇ ತೀರ್ಮಾನ ಮಾಡಬೇಕು.

"ಸಾರಿಗೆ ಜಾಸ್ತಿ ಆಯ್ತು ಅತ್ತೆ."

"ಸಾರ್ ಬುಡು. ಉಪ್ಪಿನಕಾಯ್ಗೆ?"

"ಉಪ್ಪಿನಕಾಯಿಗೆ ಕಮ್ಮಿ."

ಅಷ್ಟರಲ್ಲಿ ಮೊಬೈಲು ರಿಂಗಾಯಿತು. ಆಗಿನ್ನೂ ಊರಿಗೆ ಹೊಸದಾಗಿ ಬಂದಿದ್ದ ಮೊಬೈಲು, ಕಿಟಕಿಯ ಸರಳಿಗೆ ಕಿವಿ ಒತ್ತಿ ನಿಂತರೆ ಮಾತ್ರ ಕೇಳುತ್ತಿತ್ತು. ನೂರಾರು ಮೈಲಿ ಆಚೆಯಿಂದ ಯಜಮಾನರು ಕೇಳಿದರು, "ಟೀಚ್ರೇ, ನೀರ್ನಲ್ಲಿ ಉಪ್ಪೆಷ್ಟದೆ?"

ನಾನು ಕೂಗಿದೆ, "ಮಾವಿನಕಾಯಿ ಹಾಕೋದಾದ್ರೆ ಇನ್ನೂ ಎರಡು ಹಿಡಿ ಬೇಕು!"

"ಅಂಗಾರೆ ಸರಿಯಾಗದೆ, ಬುಡು" ಎಂದು ಅವರು ನೆಮ್ಮದಿಯಾಗಿ ಫೋನಿಟ್ಟರು.

ಬಾಣಂತಿ

ಮುಂದಿನ ಸಲ ಯಜಮಾನರು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಒಂದು ಕಲ್ಲು ತಂದರು. ಮೇಸ್ತ್ರಿ ಸಮುದ್ರದಿಂದ ಎತ್ತಿಕೊಟ್ಟ ಕಲ್ಲು. ಮೈತುಂಬ ತೂತು, ಮೇಲೆ ಪಾಚಿ. ಕಡಲ ಕಳೆ ಬರಬೇಕಾದರೆ ಕಲ್ಲೂ ಇರಬೇಕು ಎಂದು ಅವರ ವಾದ. ಇಡೀ ಜೀವಮಾನ ಹೊಲದ ಕಲ್ಲು ಆಯ್ದು ಬದುವಿಗೆ ಹಾಕಿದ ಅತ್ತೆ ಮಗನ ಮುಖವನ್ನೇ ನೋಡಿದರು. "ನಮ್ಮೂರ್ನಲ್ಲಿ ಕಲ್ಗೆ ಬರಗಾಲ ಬಂದಿತ್ತೇನ್ಲಾ?"

ಒಂದು ವಾರ ಕಳೆಯಿತು. ನಾನು ಶಾಲೆಯಿಂದ ಬಂದಾಗ ಅತ್ತೆ ತೊಟ್ಟಿಯ ಮುಂದೆ ಕಣ್ಣು ಕೀಲಿಸಿ ಕೂತಿದ್ದರು.

"ನೀನು ಓದ್ದವ್ಳಲ್ವಾ, ಎಣ್ಸು ನೋಡುಮಾ."

ಎಣಿಸಿದೆ. ಒಂದು, ಎರಡು. ಕಲ್ಲಿನ ತೂತಿನಿಂದ ಮೂರನೆಯದು ಇಣುಕಿತು. ಬೆರಳುದ್ದ, ಕೆಸರು ಬಣ್ಣ, ಮೈಮೇಲೆ ಚುಕ್ಕಿ, ಅಗಲ ಬಾಯಿ. ಕೆಳದುಟಿ ಮುಂದೆ ಚಾಚಿಕೊಂಡು, ಬಳಗದ ಮದುವೆಯಲ್ಲಿ ಮರ್ಯಾದೆ ಸಾಲದ ನೆಂಟನ ಹಾಗೆ ಎಲ್ಲರನ್ನೂ ಗುರಾಯಿಸುತ್ತಿತ್ತು.

ಅಂಗಳದಲ್ಲಿ ಲಾರಿ ತೊಳೆಯುತ್ತಿದ್ದ ಮಗನಿಗೆ ಕರೆ ಹೋಯಿತು. "ಏನ್ಲಾ ಇದು?"

ಯಜಮಾನರ ಮುಖ ಬಿಳುಚಿಕೊಂಡಿತು. ಅವರಿಗೂ ಅದು ಹೊಸ ಸಮಾಚಾರವೇ. ಆದರೆ ತೊಟ್ಟಿ ಬೀದಿಗೆ ಹೋಗುತ್ತದಲ್ಲ ಎಂಬ ಗಾಬರಿಗೆ ಬಾಯಿಗೆ ಬಂದದ್ದು ಸುಳ್ಳು. "ಮರಿ ಕಣವ್ವ! ಮರಿ ಆಕವೆ!"

ಅತ್ತೆಯ ಮುಖ ಕರಗಿತು. "ಯಾವ್ದುಲಾ ಎತ್ತಿರೋದು?" ಇವರು ದಪ್ಪಗಿದ್ದ ಮೀನನ್ನು ತೋರಿಸಿದರು. ಅತ್ತೆ ಒಳಗೆ ಹೋದರು. ಗಂಡಾಂತರ ಕಳೆಯಿತೆಂದು ನಾವಿಬ್ಬರೂ ಉಸಿರು ಬಿಟ್ಟೆವು.

ಐದು ನಿಮಿಷಕ್ಕೆ ಬಚ್ಚಲ ಹಂಡೆಯಿಂದ ಹೊಗೆಯಾಡುವ ಒಂದು ಬಿಂದಿಗೆ ನೀರು ಹೊತ್ತು ಬಂದರು. "ಅಸಿ ಬಾಣಂತಿನ ತಣ್ಣೀರ್ನಲ್ಲಿ ಬುಟ್ಟಿದ್ದೀರಲ್ಲ, ನಿಮ್ಗೇನು ಬುದ್ಧಿ ಅದಾ? ಮೇಲಿಂದ ಗಾಳಿ ಬೇರೆ ಊದ್ತಾ ಕೂತಿದ್ದೀರಿ!" ಅನ್ನುತ್ತಲೇ ಮೋಟರಿನ ಸ್ವಿಚ್ಚು ಕಿತ್ತರು, ಬಿಂದಿಗೆ ಎತ್ತಿದರು. ಯಜಮಾನರು ಹಾರಿ ಬಂದು ಬಿಂದಿಗೆಯನ್ನು ತಬ್ಬಿಕೊಂಡರು.

"ಬ್ಯಾಡಕಣವ್ವ! ಮರಿ ಅಲ್ಲ ಅದು! ಸುಳ್ಳೇಳ್ದೆ! ಕಲ್ಲೊಳಗೆ ಕೂತ್ಕೊಂಡು ಬಂದ್ಬುಟ್ಟದೆ!"

ಅತ್ತೆ ಬಿಂದಿಗೆಯನ್ನು ನಿಧಾನವಾಗಿ ಕೆಳಗಿಟ್ಟರು. "ನಂಗೂ ಅನುಮಾನವೇ ಇತ್ತು ಕಣ್ಲಾ. ಅವ್ವ ಅಪ್ಪ ಇಬ್ರೂ ಅಷ್ಟು ಲಕ್ಷಣವಾಗವ್ರೆ, ಕೂಸು ಯಾಕೆ ನಿನ್ನ ಓಲ್ತದೆ ಅಂತ."

ಹಿಡಿದವರುಂಟೆ

ಸುಳ್ಳು ಹೇಳಿದ್ದು ಬೇರೆ ಸೇರಿತಲ್ಲ, ಷರತ್ತು ಇನ್ನೂ ಬಿಗಿಯಾಯಿತು. ಮುಂದಿನ ಉಪ್ಪಿನ ಲೋಡು ಬರುವುದರೊಳಗೆ ಮೂರನೆಯದು ಹೋಗಬೇಕು, ಇಲ್ಲವೇ ತೊಟ್ಟಿಯೇ ಹೋಗಬೇಕು.

ಹಿಡಿಯಲು ಹೊರಟೆವು. ಟೀ ಜರಡಿ ಹಾಕಿದೆವು, ಮೀನು ಕಲ್ಲಿನೊಳಗೆ ಹೋಯಿತು. ಅತ್ತೆ ಜರಡಿಯನ್ನು ಕಡ್ಡಿಯಲ್ಲಿ ಎತ್ತಿ ತಿಪ್ಪೆಗೆ ಹಾಕಿದರು. ಸೊಳ್ಳೆಪರದೆಯ ತುಂಡು ಬಿಟ್ಟೆವು, ಕಿತ್ತಳೆ ಮೀನುಗಳೆರಡೂ ಸಿಕ್ಕಿಬಿದ್ದವು, ಇದು ಮಾತ್ರ ತೂತಿನಿಂದ ತುಟಿ ಚಾಚಿ ನೋಡುತ್ತಿತ್ತು. ಕೊನೆಗೆ ಯಜಮಾನರು ಕಲ್ಲನ್ನೇ ಎತ್ತಿ ಜಗುಲಿಯ ಮೇಲಿಟ್ಟು, ತೊಟ್ಟಿಯ ನೀರಿನಲ್ಲಿ ಮೂಲೆಮೂಲೆ ಹುಡುಕಿದರು. ಮೀನೇ ಇಲ್ಲ!

ಆಗ ಮಜ್ಜಿಗೆಗೆಂದು ಬಂದ ಪಕ್ಕದ ಮನೆಯಾಕೆ ಜಗುಲಿಯ ಮೇಲೆ ಕೂತಿದ್ದಳು. ಇದ್ದಕ್ಕಿದ್ದಂತೆ ಕಿರುಚಿಕೊಂಡು ಎದ್ದಳು. "ಅಯ್ಯಯ್ಯಪ್ಪೋ, ನಿಮ್ ಕಲ್ಲು ಬಾಯ್ ಬುಡ್ತದೆ ಕಣ್ರವ್ವೋ!" ಚೊಂಬನ್ನು ಅಲ್ಲೇ ಬಿಟ್ಟು ಓಡಿದಳು. ನೋಡಿದರೆ ತೂತಿನೊಳಗೆ ಅದೇ ಕೆಳದುಟಿ, ಗಾಳಿಗೆ ಬಾಯಿ ಬಾಯಿ ಬಿಡುತ್ತಿದೆ. ಆಚೆಗೆ ಹಾಕಬೇಕೆಂದು ಎರಡು ದಿನ ಪಾಡು ಪಟ್ಟ ನಾವೇ, ಸತ್ತುಗಿತ್ತು ಹೋದೀತೆಂದು ಎದ್ದುಬಿದ್ದು ಓಡಿ ಅದನ್ನು ನೀರಿಗೆ ಹಾಕಿದೆವು.

ಅವತ್ತು ಯಜಮಾನರು ಊಟಕ್ಕೆ ಏಳಲಿಲ್ಲ. "ಅವ್ವಂಗೆ ಕಡಲ ತೋರ್ಸ್ಬೇಕು ಅಂತ ಆಸೆ ಪಟ್ಟೆ ಟೀಚ್ರೇ. ಒಂದು ಬೆರಳುದ್ದದ್ದು ಬಂದು ಕೆಡಸ್ಬುಡ್ತು" ಅಂದರು. ನಾನು ಅತ್ತೆಯ ಹತ್ತಿರ ಹೋಗಿ ವಕಾಲತ್ತು ಮಾಡಿದೆ. ಮಾತು ಅಂದ್ರೆ ಮಾತು, ಅಂದರು. ಇವರು ಮೇಸ್ತ್ರಿಗೆ ಫೋನು ಮಾಡಿ, ಬಂದು ಎಲ್ಲವನ್ನೂ ತೆಗೆದುಕೊಂಡು ಹೋಗಿಬಿಡಿ ಎಂದರು.

ಮೇಸ್ತ್ರಿಯ ಊಟ

ಉಪ್ಪಿನ ಲೋಡಿನ ಜೊತೆಗೇ ಮೇಸ್ತ್ರಿಯೂ ಬಂದರು. ಒಳ್ಳೆಯ ಮನುಷ್ಯ, ನಗುಮುಖ, ತಮಿಳು ಬಿಟ್ಟರೆ ಬೇರೆ ಮಾತು ಬಾರದು. ತೊಟ್ಟಿ ಬಿಚ್ಚುವುದು ಆಮೇಲೆ, ಮೊದಲು ಊಟ ಎಂದು ಅತ್ತೆ ಎಲೆ ಹಾಕಿದರು. ರಾಗಿಮುದ್ದೆ, ಅವರೆಕಾಳು ಸಾರು. ಮೇಸ್ತ್ರಿ ತೊಟ್ಟಿಗೆ ಎದುರಾಗಿಯೇ ಕೂತರು. ಒಂದು ತುತ್ತು ನುಂಗಿ ತಲೆ ಎತ್ತಿದರು, ಮೂರನೆಯದು ಇಣುಕಿತು.

"ಅಡಡೇ! ಇದು ಕಳವಾ ಮೀನಾಚ್ಚೇ!" ಎಂದು ಅವರ ಮುಖ ಅರಳಿತು. ಕಳವಾ ಅನ್ನುವ ಈ ಜಾತಿ ಮೊಳದುದ್ದ ಬೆಳೆಯುತ್ತದೆ, ಇದರ ಕುಳಂಬಿನ, ಅಂದರೆ ಹುಳಿಸಾರಿನ, ರುಚಿಯೇ ರುಚಿ, ಅಂದರು.

ನಮ್ಮ ಕಡೆ ತಮಿಳು ಗೊತ್ತಿಲ್ಲದವರು ಯಾರು? ಅತ್ತೆಯ ಕೈಯಲ್ಲಿ ಸೌಟು ನಿಂತಿತು. "ಎನ್ನಂಗ ಸೊನ್ನೀಂಗ?" ಎಂದರು, ಏನಂದಿರಿ ಎಂದು.

ಪಾಪ, ಈ ತಾಯಿ ಅಡುಗೆಯ ವಿಧಾನ ಕೇಳುತ್ತಿದ್ದಾರೆ ಎಂದುಕೊಂಡ ಮೇಸ್ತ್ರಿ ಎಲ್ಲವನ್ನೂ ಬಿಡಿಸಿ ಹೇಳಿದರು. ಹೇಗೆ ಹೆರೆಯಬೇಕು, ಎಲ್ಲಿ ಸೀಳಬೇಕು, ಅರಿಸಿನ ಎಷ್ಟು, ಹುಣಸೆಹುಳಿ ಯಾವಾಗ. ತಲೆಯನ್ನು ಮಾತ್ರ ಬಿಸಾಡಬಾರದು, ಅದರಲ್ಲೇ ಸತ್ವ ಎಂದು ಬೆರಳು ಚೀಪಿ ತೋರಿಸಿದರು.

ಅತ್ತೆ ಸೌಟು ಸಮೇತ ಎದ್ದು ತೊಟ್ಟಿಗೂ ಮೇಸ್ತ್ರಿಗೂ ನಡುವೆ ನಿಂತುಬಿಟ್ಟರು. ಕನ್ನಡದಲ್ಲಿ ಮಗನಿಗೆ ಹೇಳಿದರು, "ಲೇ, ತೊಟ್ಟಿ ಎಲ್ಗೂ ಓಗಕಿಲ್ಲ."

"ಅವ್ವಾ, ಮೂರವಲ್ಲವ್ವ!"

"ಇರ್ಲಿ ಕಣ್ಲಾ. ಜೀವ ಉಳಿಸ್ಕಳಕ್ಕೆ ಕಲ್ಲೊಳಗೆ ಅವಿತ್ಕೊಂಡು, ಅಷ್ಟು ದೂರ್ದಿಂದ ನಮ್ಮನೆ ಉಡ್ಕೊಂಡು ಬಂದದೆ. ಅದ್ನ ತಿರ್ಗ ಇವಯ್ಯನ ಕೈಗೇ ಕೊಡ್ತೀಯಾ? ಮನ್ಸನಾ ನೀನು?"

ಯಜಮಾನರ ಮುಖದಲ್ಲಿ ಹಿಡಿಸಲಾರದಷ್ಟು ಖುಷಿ. ಮೇಸ್ತ್ರಿ ಏನೊಂದೂ ಅರ್ಥವಾಗದೆ ಮುದ್ದೆ ಹಿಡಿದುಕೊಂಡು ಕೂತಿದ್ದರು. ಅತ್ತೆ ಅವರ ಎಲೆಯನ್ನು ಮೆಲ್ಲಗೆ ಎಳೆದು ಗೋಡೆಯ ಕಡೆಗೆ ತಿರುಗಿಸಿ ಹಾಕಿದರು. ಮೂರನೇ ಮುದ್ದೆ ಬಡಿಸಿದರು. "ಪೋದುಂ ಅಮ್ಮಾ" ಎಂದು ಅವರು ಕೈ ಅಡ್ಡ ಹಿಡಿದರೂ ಬಿಡದೆ ನಾಲ್ಕನೆಯದನ್ನೂ ಹಾಕಿದರು. ನನ್ನ ಕಿವಿಯಲ್ಲಿ, "ಒಟ್ಟೆ ತುಂಬ್ಲಿ ಕಣವ್ವ, ಅಸ್ಕೊಂಡಿದ್ರೆ ಕಣ್ಣು ಅತ್ಲಾಗೇ ಓಯ್ತದೆ" ಅಂದರು.

ಆಮೇಲೆ ಅತ್ತೆ ಮೇಸ್ತ್ರಿಯನ್ನು ಬಲು ಗಂಭೀರವಾಗಿ ತಮಿಳಿನಲ್ಲಿ ಕೇಳಿದರು. ನಿಮ್ಮ ಊರಿನಲ್ಲಿ ಇಂಥವು ಇನ್ನೂ ಎಷ್ಟಿವೆಯಪ್ಪಾ?

ಮೇಸ್ತ್ರಿ ಬಾಯಿತುಂಬ ಮುದ್ದೆ ಇಟ್ಟುಕೊಂಡೇ ಎರಡೂ ಕೈ ಅಗಲಿಸಿದರು. "ಕಡಲ್ ಪೂರಾ ಇರುಕ್ಕುಮ್ಮಾ!"

ಅತ್ತೆ ನಡುಮನೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಒಂದು ಸಲ ಕಣ್ಣಲ್ಲೇ ಅಳೆದರು. ಆಮೇಲೆ ಮಗನ ಕಡೆ ತಿರುಗಿದರು.

"ಲೇ, ಇನ್ನೂ ಎರಡು ತೊಟ್ಟಿ ತತ್ತಾ."