ಬೇರೆಯವರ ಹೆಸರಿಗೆ ಅಂಟಿಸಿದ ‘ನಮ್ಮ’

ನಾನು ಮೊದಲಿನಿಂದಲೂ ಅನುಮಾನದ ಮನುಷ್ಯ. ಮೆಹದಿಪಟ್ಟಣಂ ಕಡೆಯ ಬಸ್ಸು ಖಾಲಿ ಬಂದರೆ ಹತ್ತುವುದಿಲ್ಲ. ಉಳಿದವರಿಗೆಲ್ಲ ಗೊತ್ತಿರುವ ಏನೋ ಒಂದು ನನಗೊಬ್ಬನಿಗೇ ಗೊತ್ತಿಲ್ಲ ಅನ್ನಿಸುತ್ತದೆ. ಯಾರಾದರೂ ಮೂರು ಸಲ ನಕ್ಕು ಮಾತಾಡಿಸಿದರೆ ನಾಲ್ಕನೆಯ ಸಲ ಏನು ಕೇಳುತ್ತಾರೋ ಎಂದು ಕಾಯುತ್ತೇನೆ. ಇಂಥ ನನಗೆ ಸಿಕ್ಕಿರುವ ಕೆಲಸವೂ ಒಂದೊಂದು ಮಾತನ್ನೂ ಅನುಮಾನಿಸುವಂಥದ್ದೇ. ಜೀಡಿಮೆಟ್ಲಾದಲ್ಲಿ ಕಾರ್ಖಾನೆ ಇರುವ ಒಂದು ಕಂಪನಿ, ಫೋನಿನಿಂದಲೇ ದೀಪ, ಫ್ಯಾನು ಹಾಕಿ ಆರಿಸುವ ಸ್ವಿಚ್ಚುಗಳನ್ನು ತಯಾರಿಸುತ್ತದೆ. ಅದರ ಆ್ಯಪಿನಲ್ಲಿ ಕಾಣುವ ಕನ್ನಡವೆಲ್ಲ ನನ್ನದು. ಆರು ವರ್ಷದಿಂದ ಬರೆಯುತ್ತಿದ್ದೇನೆ, ಗುತ್ತಿಗೆಯ ಮೇಲೆ. ಕಾಯಂ ಆದವರ ಕೊರಳಲ್ಲಿ ಗುರುತಿನ ಚೀಟಿಯ ನೀಲಿ ಪಟ್ಟಿ, ನನ್ನ ಕೊರಳಲ್ಲಿ ಹಳದಿ. ಈ ವರ್ಷ ನನ್ನದೂ ನೀಲಿಯಾಗುತ್ತದೆ ಎಂದು ಮ್ಯಾನೇಜರ್ ಮೇಡಂ ಹೇಳಿದ್ದರು. ಆ ಮಾತಿನ ಮೇಲೂ ನನಗೆ ಅನುಮಾನವಿತ್ತು, ಆದರೆ ಆಸೆ ಅದಕ್ಕಿಂತ ದೊಡ್ಡದಿತ್ತು.

ಬರೀ ಸ್ವಿಚ್ಚನ್ನು ಈಗ ಯಾರೂ ಕೊಳ್ಳುವುದಿಲ್ಲ. ಹೇಳಿದ ಮಾತು ಕೇಳುವ ಪೆಟ್ಟಿಗೆಗಳನ್ನು ಮಾರುವ ಇನ್ನೊಂದು ದೊಡ್ಡ ಕಂಪನಿಯಿದೆ; ಅದರ ಸ್ಮಾರ್ಟ್ ಹೋಮ್ ಬ್ರ್ಯಾಂಡಿನ ಜೊತೆ ನಮ್ಮ ಸ್ವಿಚ್ಚು ಹೊಂದಿಕೊಳ್ಳಬೇಕು. ಆ ಬ್ರ್ಯಾಂಡಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯುವ ಕ್ರಮ ತಪ್ಪಿತೆಂದು ಈ ಪ್ರಬಂಧಕ್ಕೂ ಒಂದು ಪತ್ರ ಬಂದೀತು. ಹೆಸರನ್ನು ಹೇಗೆ ಹೇಳಬೇಕೆಂದು ಅವರು ನಿಯಮಗಳನ್ನೇ ಕಳಿಸಿದ್ದರು. ಪೂರ್ತಿ ಬರೆಯಬೇಕು, ತುಂಡು ಮಾಡಬಾರದು, ಕನ್ನಡಕ್ಕೆ ಅನುವಾದಿಸಬಾರದು. ಮುಖ್ಯವಾಗಿ, ಅವರೂ ನಾವೂ ಒಂದೇ ಮನೆಯವರೆಂದು ಓದುವವರಿಗೆ ಅನ್ನಿಸಬಾರದು. ನಮ್ಮ ಸ್ವಿಚ್ಚು ಅವರದರ ಜೊತೆ ಕೆಲಸ ಮಾಡುತ್ತದೆ, ಅಷ್ಟು ಹೇಳಿ ಸುಮ್ಮನಾಗಬೇಕು. ಮದುವೆಗೆ ಕರೆದು ಊಟಕ್ಕೆ ಬೇರೆ ಪಂಕ್ತಿಯಲ್ಲಿ ಕೂರಿಸಿದ ಹಾಗಿತ್ತು ಆ ನಿಯಮ. ಆದರೂ ಚಾಚೂ ತಪ್ಪದೆ ಪಾಲಿಸಿದ್ದೇನೆಂದೇ ನಾನು ತಿಳಿದಿದ್ದೆ.

ಬರೆದದ್ದನ್ನು ಅವರ ಒಪ್ಪಿಗೆಗೆ ಕಳಿಸಿದ್ದೆವು; ಹೋದ ಸೋಮವಾರ ಉತ್ತರ ಬಂತು. ಹಿಂದಿ ಪಾಸು, ತೆಲುಗು ಪಾಸು, ಕನ್ನಡ ಮಾತ್ರ ವಾಪಸು. ಒಂದು ಕಡೆ ಅವರ ಹೆಸರಿಗೆ ಮೊದಲು ‘ನಮ್ಮ’ ಎಂಬ ಪದ ಕೂತಿತ್ತು. ಹೇಗೆ ಕೂತಿತೆಂದು ಅವರಿಗೆ ವಿವರಣೆ ಬೇಕಂತೆ. “ಯಾರು ಸೇರಿಸಿದ್ದು?” ಎಂದು ಮೇಡಂ ಕೇಳಿದರು. ನಾನಲ್ಲ ಅಂದೆ, ತಾಯಾಣೆ ಇಡುವುದೊಂದು ಬಾಕಿ. ನೀಲಿ ಪಟ್ಟಿ ಕಣ್ಣೆದುರೇ ಜಾರಿ ಹೋಗುತ್ತಿತ್ತು.

ನನ್ನ ಮೊದಲ ಅನುಮಾನ ಪಕ್ಕದಲ್ಲಿ ಕೂತು ತೆಲುಗು ಬರೆಯುವ ರವೀಂದರನ ಮೇಲೆ. ಅವನದೂ ಹಳದಿ ಪಟ್ಟಿ. ಅದರ ಹಿಂದಿನ ವಾರ ಕಾರಣವೇ ಇಲ್ಲದೆ ನನಗೊಂದು ಡಬ್ಬಿ ಸಕಿನಾಲು, ಅವರ ಕಡೆಯ ಚಕ್ಕುಲಿ, ತಂದುಕೊಟ್ಟಿದ್ದ. ತಿನ್ನುವಾಗಲೇ ಇದರ ಹಿಂದೆ ಏನೋ ಇದೆ ಅಂದುಕೊಂಡಿದ್ದೆ, ಆದರೂ ಪೂರ್ತಿ ತಿಂದಿದ್ದೆ. ನಾನಿಲ್ಲದಾಗ ನನ್ನ ಕಂಪ್ಯೂಟರ್ ಮುಟ್ಟಿದ್ದೆಯಾ ಎಂದು ಮೆಲ್ಲಗೆ ಕೇಳಿದೆ. “ಭಾಯ್, ನನ್ನ ತೆಲುಗು ತಿದ್ದಲಿಕ್ಕೇ ನನಗೆ ಪುರುಸೊತ್ತಿಲ್ಲ” ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಆ ನಗುವನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಎರಡನೆಯ ಅನುಮಾನ ಹೆಂಡತಿ ಕಸ್ತೂರಿಯ ಮೇಲೆ. ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳಿಯೇ ಮುಂದೆ ಕಳಿಸುವುದು ನನ್ನ ರೂಢಿ. ಅವಳು ಕಲಬುರಗಿಯವಳು. ಅವಳ ಬಾಯಲ್ಲಿ ಹಾಲು ಹಾಕುವವ ನಮ್ಮ ಹಾಲಿನವ, ನೂರು ಜನ ಹತ್ತುವ ಬಸ್ಸು ನಮ್ಮ ಬಸ್ಸು, ಪಕ್ಕದ ಮನೆಯವರ ನುಗ್ಗೆ ಗಿಡವೂ ನಮ್ಮ ಗಿಡ. ಮನೆ ದಾಟಿದರೆ ತೆಲುಗು ಮಾತಾಡಬೇಕಾದ ಊರಿನಲ್ಲಿ ನಾವು ಹೀಗೆ ‘ನಮ್ಮ’ ಅಂದುಕೊಂಡೇ ಬೇರೂರಿದವರು.

“ಖರೇ ಹೇಳು, ಆ ಸಾಲು ನೀ ಏನರ ತಿದ್ದಿಯೇನು?” ಅಂದೆ.

“ನಾ ಯಾಕ ತಿದ್ದಲ್ರಿ? ನೀವು ಓದಿ ತೋರಿಸಿದ್ರಿ. ಯಾರದೋ ಮನಿ ಬಾಗಲ್ದಾಗ ನಿಂತು ಮಾತಾಡಿದಂಗ ಐತಿ ಅಂದೆ. ಹಂಗಾದ್ರ ‘ನಮ್ಮ’ ಅಂತ ಹಾಕ್ತೀನಿ, ಭಾಳ ಛಲೋ ಕೇಳಸ್ತೈತಿ ಅಂತ ನೀವೇ ಅಂದ್ರಿ.”

ಮರುದಿನ ಆಫೀಸಿನಲ್ಲಿ ಆ ಕಡತದ ಹಿಂದಿನ ತಿದ್ದುಪಡಿಗಳನ್ನು ತೆಗೆದು ನೋಡಿದೆ. ‘ನಮ್ಮ’ ಎಂಬುದರ ಪಕ್ಕದಲ್ಲಿ ನನ್ನದೇ ಹೆಸರು. ಊರಲ್ಲಿ ಎಲ್ಲರನ್ನೂ ಅನುಮಾನಿಸಿದ ನಾನು ನನ್ನನ್ನೊಬ್ಬನನ್ನೇ ಬಿಟ್ಟಿದ್ದೆ. ಮೇಡಂ ಹತ್ತಿರ ಹೋಗಿ ಒಪ್ಪಿಕೊಂಡೆ. ಅವರು ಬಯ್ಯಲಿಲ್ಲ. ತಾವೇ ಆ ದೊಡ್ಡ ಕಂಪನಿಗೆ ಬರೆಯುವುದಾಗಿ ಹೇಳಿ, ನನಗೂ ಒಂದು ಪ್ರತಿ ಕಳಿಸಿದರು.

ಪತ್ರ ಚಿಕ್ಕದು. ಕನ್ನಡ ಬರೆದವರ ಹೆಸರು ಇಂಥದ್ದು, ಅವರು ನಮ್ಮ ಸಿಬ್ಬಂದಿಯಲ್ಲ, ನಮ್ಮ ಜೊತೆ ಕೆಲಸ ಮಾಡುತ್ತಾರೆ, ಅಷ್ಟೇ. ಎರಡು ಸಲ ಓದಿದೆ. ಕಸುಬಿನ ಅಭ್ಯಾಸ ಬಿಡಬೇಕಲ್ಲ, ನಿಯಮಗಳ ಹಾಳೆ ಪಕ್ಕದಲ್ಲಿಟ್ಟುಕೊಂಡು ಮೂರನೆಯ ಸಲ ಓದಿದೆ. ಹೆಸರು ಪೂರ್ತಿ ಇತ್ತು, ತುಂಡು ಮಾಡಿರಲಿಲ್ಲ. ಒಂದೇ ಮನೆಯವರೆಂಬ ಭಾವನೆ ಎಲ್ಲೂ ಬರುತ್ತಿರಲಿಲ್ಲ. ತಿದ್ದಲು ಒಂದಕ್ಷರ ಸಿಗಲಿಲ್ಲ.

ಮನೆಗೆ ಬಂದು ಹಳದಿ ಪಟ್ಟಿಯನ್ನು ಗೂಟಕ್ಕೆ ಹಾಕುವಾಗ ಕಸ್ತೂರಿ ಕೇಳಿದಳು. “ಏನಂದ್ರಿ ನಮ್ಮ ಕಂಪನಿಯವ್ರು?”

“ನನ್ನ ಹೆಸರು ಪೂರ್ತಿ ಬರದಾರ” ಅಂದೆ.

ಅವಳು ಗೂಟದ ಮೇಲಿನ ಹಳದಿ ಪಟ್ಟಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ಅವಳಿಗೂ ಏನೋ ಅನುಮಾನ ಬಂದಿರಬೇಕು.