ಹನ್ನೊಂದು ಗಜ ತಂತಿ, ಮೇಲೊಂದು ಗೇಣು ಕೊಸರು

ನಾನು ಸುಲಭವಾಗಿ ಯಾರನ್ನೂ ನಂಬುವವನಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು. ಯೂನಿವರ್ಸಿಟಿಯಲ್ಲಿ ಭೌತಶಾಸ್ತ್ರ ಓದಿದವನು. ಅಳೆಯದೆ ತೂಗದೆ ಯಾವುದನ್ನೂ ಒಪ್ಪಬಾರದೆಂದು ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ಪಾಠ ಹೇಳುವವನು. ಪಂಚಾಂಗದಲ್ಲಿ ಇಂದು ಮಳೆ ಎಂದು ಬರೆದಿದ್ದರೆ ಬೇಕೆಂದೇ ಕೊಡೆ ಬಿಟ್ಟು ಹೋಗಿ, ತೊಪ್ಪೆಯಾಗಿ ನೆನೆದು, ಕಾಕತಾಳೀಯ ಎಂದು ಸೀನುತ್ತಾ ಮನೆಗೆ ಬಂದವನು. ಈಚೆಗೆ ಮಾತ್ರ ಒಂದು ತೊಂದರೆ ಶುರುವಾಗಿದೆ. ನಂಬಬಾರದವರ ಪಟ್ಟಿಗೆ ನನ್ನ ನೆನಪೂ ಸೇರಿಕೊಂಡಿದೆ. ಬೆಳಿಗ್ಗೆ ಸ್ನಾನವಾಯಿತೋ ಇಲ್ಲವೋ ಎಂಬುದನ್ನು ಟವೆಲ್ಲು ಒದ್ದೆಯಿದೆಯೇ ಎಂದು ಮುಟ್ಟಿ ನೋಡಿ ತೀರ್ಮಾನಿಸುತ್ತೇನೆ. ಆದ್ದರಿಂದ ಮುಂದೆ ಹೇಳುವುದನ್ನು ನೀವೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದುವುದು ಕ್ಷೇಮ.

ನನಗೊಂದು ರೇಡಿಯೋ ಹುಚ್ಚಿದೆ. ರೇಡಿಯೋ ಎಂದರೆ ಸಂಗೀತ ಕೇಳುವ ಪೆಟ್ಟಿಗೆಯಲ್ಲ. ನಮ್ಮಂಥ ಹವ್ಯಾಸಿಗಳದು ಮಾತಾಡಿಕೊಳ್ಳುವ ರೇಡಿಯೋ. ಅದೂ ಬಾಯಲ್ಲಿ ಅಲ್ಲ, ತಂತಿ ಕಚೇರಿಯವರ ಹಾಗೆ ಕೀಲಿ ಒತ್ತಿ, ಕಟ್ ಕಡ ಎಂದು ಇಂಗ್ಲಿಷ್ ಅಕ್ಷರಗಳನ್ನು ಕುಟ್ಟಿ. ಯುದ್ಧದ ಕಾಲದಲ್ಲಿ ಸರ್ಕಾರ ಇದನ್ನೆಲ್ಲ ನಿಲ್ಲಿಸಿತ್ತು. ಯುದ್ಧ ಮುಗಿದು ಮತ್ತೆ ಲೈಸೆನ್ಸು ಸಿಕ್ಕಾಗ ಅಡುಗೆಮನೆಯ ಪಕ್ಕದ ಸಾಮಾನಿನ ಕೋಣೆಯಲ್ಲಿ ಪೆಟ್ಟಿಗೆ ಸ್ಥಾಪಿಸಿದೆ. "ಅಕ್ಕಿ ಮೂಟೆ ಹಜಾರಕ್ಕೆ ಬಂತು, ಅಮಟೆಕಾಯಿ ಜಾಡಿ ಮಂಚದ ಕೆಳಕ್ಕೆ ಹೋಯ್ತು, ಇನ್ನು ನಾನೊಬ್ಬಳು ಉಳಿದಿದೀನಿ," ಎಂದಳು ನನ್ನ ಹೆಂಡತಿ ಶಾರದೆ.

ಇದೇ ಹುಚ್ಚು ಹೊಸಕೋಟೆಯಲ್ಲಿ ನನ್ನ ಷಡ್ಡಕ ವೆಂಕಟರಾಮುವಿಗೂ ಇತ್ತು. ಶಾರದೆಯ ಅಕ್ಕನ ಗಂಡ. ಅದಕ್ಕೂ ಮೊದಲು ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವನು. ಹೀಗಾಗಿ ನಮ್ಮಿಬ್ಬರ ನಡುವೆ ಮರ್ಯಾದೆ ಎಂಬುದು ಹೆಂಡಿರ ಮುಂದೆ ಮಾತ್ರ. ಅವನ ಹತ್ತಿರ ಇದ್ದದ್ದು ಕೊಂಡು ತಂದ ಏರಿಯಲ್ಲು, ಅಂದರೆ ಆಕಾಶದ ಅಲೆ ಹಿಡಿಯುವ ಕಂಬ. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಸಾಮಾನು: ಒಂದರೊಳಗೊಂದು ಸೇರುವ ಲೋಹದ ಕೊಳವೆಗಳು. ಎಳೆದರೆ ಉದ್ದ, ಒತ್ತಿದರೆ ಗಿಡ್ಡ. ಎಲ್ಲಿಗೆ ನಿಲ್ಲಿಸಬೇಕೆಂದು ಕೆಂಪು, ಹಳದಿ ಪಟ್ಟಿ ಬೇರೆ. ನನ್ನದು ಎರಡು ಬಿದಿರಿನ ಗಳುಗಳ ನಡುವೆ ನಾನೇ ಕಟ್ಟಬೇಕೆಂದಿದ್ದ ತಾಮ್ರದ ತಂತಿ.

"ಲೇ, ಅದು ಏರಿಯಲ್ಲೇನೋ? ಬಟ್ಟೆ ಒಣಗಿ ಹಾಕೋ ತಂತಿ ಕಣೋ," ಎಂದ ವೆಂಕಟರಾಮು.

"ನಿಂದು ಮಾತ್ರ ಭಾರಿ ನೋಡು. ಕಾಗೆ ಬಂದು ಕೂತ್ರೆ ಒಂದಂಗುಲ ಕುಸಿಯುತ್ತೆ. ಮತ್ತೆ ಮಾಳಿಗೆ ಹತ್ತಿ ಎಳೀಬೇಕು."

"ಎಳೆದ್ರೆ ಬರುತ್ತಲ್ಲ! ನೀನು ತಂತಿ ಎಳೆದ್ರೆ ಗಳ ಬರುತ್ತೆ."

ಈ ಜಗಳ ಹೀಗೆಯೇ ಹಬ್ಬಹಬ್ಬಕ್ಕೂ ಸುಖವಾಗಿ ನಡೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ನಮ್ಮಿಬ್ಬರ ಭಾವಮೈದನಿಗೆ ನೆಲಮಂಗಲದಿಂದ ಶಿವಮೊಗ್ಗಕ್ಕೆ ವರ್ಗವಾಯಿತು. ಅಲ್ಲಿ ಮನೆ ಸಿಗುವವರೆಗೆ ಅತ್ತೆಯವರು ಒಬ್ಬ ಮಗಳ ಮನೆಯಲ್ಲಿ ಇರುವುದೆಂದಾಯಿತು. ಅತ್ತೆಯವರ ಮೇಲೆ ನಮಗಿಬ್ಬರಿಗೂ ಗೌರವವೇ. ಆದರೆ ಅವರ ಪೂಜೆ ಮಡಿಗಳಿಗೆ ಬಾಗಿಲಿರುವ ಕೋಣೆಯೊಂದು ಬೇಕು. ನಮ್ಮಲ್ಲೂ ಅಂಥದ್ದೊಂದೇ, ಅವನಲ್ಲೂ ಒಂದೇ. ಎರಡರಲ್ಲೂ ರೇಡಿಯೋ ಕೂತಿತ್ತು. ಕೋಣೆ ಹೋದರೆ ಪೆಟ್ಟಿಗೆ ಅಟ್ಟಕ್ಕೆ. ಅಟ್ಟಕ್ಕೆ ಹೋದ ಸಾಮಾನು ಇಳಿದು ಬಂದದ್ದನ್ನು ನಮ್ಮ ಮನೆಯಲ್ಲಂತೂ ನಾನು ಕಂಡಿಲ್ಲ.

ಪಂದ್ಯ ಕಟ್ಟಿದೆವು. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದು. ಯಾರ ಕರೆ ಇನ್ನೊಬ್ಬನಿಗೆ ಕೇಳಿಸಲಿಲ್ಲವೋ ಅವನ ಏರಿಯಲ್ಲು ಸೋತಂತೆ. ಅವನ ಕೋಣೆ ಅತ್ತೆಯವರಿಗೆ. ಕೇಳಿಸಿತೋ ಇಲ್ಲವೋ ಎಂದು ತೀರ್ಪು ಕೊಡುವವನು ಎದುರಾಳಿಯೇ ಎಂಬುದು ನಮಗಾಗ ಹೊಳೆಯಲಿಲ್ಲ. ಕನಿಷ್ಠ ನನಗೆ ಹೊಳೆಯಲಿಲ್ಲ ಎಂದೇ ನನ್ನ ನೆನಪು.

ಪುಸ್ತಕದ ಲೆಕ್ಕದ ಪ್ರಕಾರ ತಂತಿಯ ಎರಡು ತುಂಡು ಬೇಕು, ಒಂದೊಂದೂ ಸರಿಯಾಗಿ ಹನ್ನೊಂದು ಗಜ. ಮನೆಯಲ್ಲಿದ್ದದ್ದು ಒಂದಡಿಯ ಮರದ ಪಟ್ಟಿ. ಆದ್ದರಿಂದ ತಂತಿಯ ಸುರುಳಿ ಎತ್ತಿಕೊಂಡು ಪಕ್ಕದ ಮನೆಯ ನಂಜುಂಡಪ್ಪನವರ ಹತ್ತಿರ ಹೋದೆ. ಅವರು ಮಗ್ಗದವರು, ಅವರ ಬಳಿ ಕಬ್ಬಿಣದ ಗಜಕಡ್ಡಿಯಿತ್ತು. ಆದರೆ ನಮ್ಮ ಕಡೆಯ ಸಂಗತಿ ನಿಮಗೆ ಗೊತ್ತಲ್ಲ, ಅಳೆದದ್ದನ್ನು ಅಳೆದಷ್ಟೇ ಕೊಡುವುದು ಇಲ್ಲಿ ಅವಮಾನದ ಕೆಲಸ. ಹೂವಿನವಳು ಮೊಳ ಹಾಕಿದ ಮೇಲೆ ನಾಲ್ಕು ಬೆರಳು ಬಿಟ್ಟೇ ಕಿತ್ತುಕೊಡುತ್ತಾಳೆ. ಹಾಲಿನವಳು ಪಾವು ಬಗ್ಗಿಸಿದ ಮೇಲೆ ಒಂದು ತೊಟ್ಟು ಚಿಮುಕಿಸುತ್ತಾಳೆ. ಅದಕ್ಕೆ ಕೊಸರು ಎಂದು ಹೆಸರು. ಇಂಥ ಊರಿನಲ್ಲಿ ರೇಡಿಯೋ ಕಟ್ಟುವುದು ಹೇಗೆ? ಆಕಾಶದ ಅಲೆಗಳಿಗೆ ಕೊಸರು ಆಗಿಬರುವುದಿಲ್ಲ.

"ನಂಜುಂಡಪ್ಪನೋರೇ, ಕೊಸರು ಮಾತ್ರ ಬೇಡ. ಕೂದಲೆಳೆಯಷ್ಟೂ ಬೇಡ."

ನಂಜುಂಡಪ್ಪ ನನ್ನನ್ನು ಒಂದು ಕ್ಷಣ ನೋಡಿದರು. "ಕೊಸರು ಬ್ಯಾಡ ಅಂದೋರ್ನ ಈ ಜನ್ಮದಾಗೆ ಇವತ್ತೇ ಕಂಡಿದ್ದು ಮೇಷ್ಟ್ರೇ. ಆಯ್ತು ಬುಡಿ," ಎಂದು ಅಳೆದು, ಕತ್ತರಿಸಿ, ಸುತ್ತಿ ಕೊಟ್ಟರು.

ಬುಧವಾರ ಕಟ್ಟಿದೆ. ಪೆಟ್ಟಿಗೆಯ ಮುಖದ ಮೇಲಿನ ಮುಳ್ಳು ಏಳಲಿಲ್ಲ. ಏರಿಯಲ್ಲು ಉದ್ದ ಹೆಚ್ಚಾದರೂ ಹಾಗೆಯೇ, ಕಡಿಮೆಯಾದರೂ ಹಾಗೆಯೇ. ನನಗೆ ಕಾರಣ ತಕ್ಷಣ ಗೊತ್ತಾಯಿತು: ಕೊಸರು! ಮನುಷ್ಯ ಅಭ್ಯಾಸ ಬಿಟ್ಟಾನೆಯೇ? ಒಂದೊಂದು ತುಂಡಿನಿಂದಲೂ ಒಂದೊಂದು ಗೇಣು ಕತ್ತರಿಸಿದೆ. ಗುರುವಾರ ಮುಳ್ಳು ಇನ್ನಷ್ಟು ಮಲಗಿತು. ಶನಿವಾರದವರೆಗೆ ಗಳ ಇಳಿಸಿ, ಗಳ ಏರಿಸಿ, ಪುಸ್ತಕ ಬರೆದವನನ್ನೂ ನಂಬದೆ ಲೆಕ್ಕವನ್ನು ಮೊದಲಿನಿಂದ ಮಾಡಿ, ಕೊನೆಗೆ ತಂತಿ ಹೆಗಲ ಮೇಲೆ ಹಾಕಿಕೊಂಡು ನಂಜುಂಡಪ್ಪನವರ ಬಾಗಿಲಿಗೆ ಹೋದೆ. ಶಾರದೆ ಹಿಂದಿನಿಂದ ಬಂದಳು, ಜಗಳ ಬಿಡಿಸುವುದಕ್ಕೋ ನೋಡುವುದಕ್ಕೋ ತಿಳಿಯದು.

"ಎಷ್ಟು ಕೊಸರು ಹಾಕಿದ್ರಿ, ನಿಜ ಹೇಳಿ."

ನಂಜುಂಡಪ್ಪ ಲಾಳಿ ಕೆಳಗಿಟ್ಟರು. "ಏನ್ ಮೇಷ್ಟ್ರೇ ಹಿಂಗಂತೀರಿ! ನೀವು ಹತ್ತೂ ಮುಕ್ಕಾಲು ಗಜ ಅಂದ್ರಿ, ಹತ್ತೂ ಮುಕ್ಕಾಲೇ ಕೊಟ್ಟಿವ್ನಿ. ಕೈ ಬರ್ಲಿಲ್ಲ, ಆದ್ರೂ ಕೊಟ್ಟೆ."

"ಹತ್ತೂ ಮುಕ್ಕಾಲಾ? ನಾನು ಹನ್ನೊಂದು ಅಂದೆ!"

"ಹತ್ತೂ ಮುಕ್ಕಾಲು ಅಂದ್ರಿ," ಎಂದಳು ಶಾರದೆ. "ಅಡುಗೆಮನೆಗೂ ಕೇಳಿಸ್ತು. ಹೆಂಗೂ ಒಂದು ಗೇಣು ಜಾಸ್ತಿ ಹಾಕೇ ಹಾಕ್ತಾರೆ, ಅದಕ್ಕೆ ಕಡಿಮೆ ಹೇಳ್ದೆ ಅಂತ ಬಂದು ನಗಾಡಿದ್ರಲ್ಲ."

ಹಾಗೆ ಹೇಳಿದ್ದು ನನಗೆ ಖಂಡಿತ ನೆನಪಾಗಲಿಲ್ಲ. ಆದರೆ ಅದು ನಾನು ಮಾಡುವಂಥ ಕೆಲಸವೇ ಎಂಬುದನ್ನು ಅಲ್ಲಗಳೆಯಲಾಗಲಿಲ್ಲ. ಕೊಸರು ಬೇಡವೆಂದು ಬಾಯಲ್ಲಿ ಹೇಳಿ, ಅವರು ಕೇಳುವುದಿಲ್ಲವೆಂದು ಮನಸ್ಸಿನಲ್ಲೇ ಕಳೆದು, ಕಳೆದದ್ದನ್ನು ಮರೆತು, ಮತ್ತೊಮ್ಮೆ ಕತ್ತರಿಯಿಂದ ಕಳೆದಿದ್ದೆ. ಹೀಗೆ ತಂತಿ ಎರಡೂ ಕಡೆ ಎರಡೆರಡು ಗೇಣು ಮೋಟಾಗಿತ್ತು.

"ತನ್ನಿ ಇಲ್ಲಿ," ಎಂದು ನಂಜುಂಡಪ್ಪ ಅವರಲ್ಲೇ ಉಳಿದಿದ್ದ ಸುರುಳಿಯಿಂದ ಎರಡೆರಡು ಗೇಣು ಕತ್ತರಿಸಿ, ಎಳೆ ಕಡಿದಾಗ ನೂಲು ಹೊಸೆಯುವ ಹಾಗೆ ನುಣ್ಣಗೆ ಹೊಸೆದು ಸೇರಿಸಿಕೊಟ್ಟರು. ಶಾರದೆಗೆ ಮಾತ್ರ ತಮಾಷೆ: "ಭಾವಂದು ಎಳೆದ್ರೆ ಉದ್ದ ಆಗುತ್ತೆ. ನಿಮ್ಮದು ನಂಜುಂಡಪ್ಪನೋರ ಕಾಲು ಹಿಡಿದ್ರೆ ಆಗುತ್ತೆ."

ಭಾನುವಾರ ಹತ್ತಕ್ಕೆ ಮುಳ್ಳು ಸೆಟೆದು ನಿಂತಿತು. ಮುಂದಿನದನ್ನು ನಾನು ಎರಡು ವರ್ಷದಿಂದ ನೆಂಟರು, ಸಹೋದ್ಯೋಗಿಗಳು, ರೈಲಿನಲ್ಲಿ ಸಿಕ್ಕವರು ಎಲ್ಲರಿಗೂ ಹೇಳಿದ್ದೇನೆ. ನಿಮಗೂ ಹಾಗೆಯೇ ಹೇಳುತ್ತೇನೆ. ಹೊಸಕೋಟೆಯ ಕರೆ ಸ್ಪಷ್ಟವಾಗಿ ಕೇಳಿತು. ಉತ್ತರ ಕೊಟ್ಟೆ. ವೆಂಕಟರಾಮು ಮಾತ್ರ ಕೇಳಿಸದವನ ಹಾಗೆ "ಇದ್ದೀಯಾ? ಇದ್ದೀಯಾ?" ಎಂದು ಕುಟ್ಟುತ್ತಲೇ ಇದ್ದ. ಆಟ ನನಗೆ ಅರ್ಥವಾಯಿತು. ಕೇಳಿಸಲಿಲ್ಲ ಎಂದುಬಿಟ್ಟರೆ ಅತ್ತೆಯವರು ನನ್ನ ಪಾಲು. ಕೋಪವನ್ನು ನುಂಗಿಕೊಂಡು, ನಿಧಾನವಾಗಿ, ಅಕ್ಷರ ಬಿಡಿಸಿ ಕುಟ್ಟಿದೆ: "ಫಿಸಿಕ್ಸಿನಲ್ಲಿ ಎರಡು ಸಲ ಫೇಲಾದವನಿಗೆ ರೇಡಿಯೋ ಯಾಕೆ?" ಮರುಕ್ಷಣವೇ ಉತ್ತರ ಬಂತು: "ಎರಡಲ್ಲ, ಒಂದೇ ಸಲ!" ಸಿಕ್ಕಿಬಿದ್ದ! ಆದರೂ ಷಡ್ಡಕನ ಮಾನ ಉಳಿಯಲೆಂದು ನಾನೇ ಉದಾರವಾಗಿ ಪೆಟ್ಟಿಗೆ ಅಟ್ಟಕ್ಕೇರಿಸಿ ಅತ್ತೆಯವರನ್ನು ಕರೆಸಿಕೊಂಡೆ. ಬಂದವರು ಮೊದಲು ಹೇಳಿದ್ದು, "ಇಬ್ರೂ ಸೇರಿ ಕಟಕಟ ಕುಟ್ಟಿ ನನ್ನ ಪಾಲು ಮಾಡ್ಕೊಂಡ್ರಂತಲ್ಲಪ್ಪಾ," ಎಂದು.

ಹೋದ ತಿಂಗಳು ಅತ್ತೆಯವರು ಶಿವಮೊಗ್ಗಕ್ಕೆ ಹೋದರು. ನನ್ನ ಅನುಭವಕ್ಕೆ ವಿರುದ್ಧವಾಗಿ ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಅದರ ಜೊತೆ, ಪ್ರತಿ ಕರೆಯನ್ನೂ ಬರೆದಿಡಬೇಕೆಂಬ ಲೈಸೆನ್ಸಿನ ನಿಯಮದಂತೆ ನಾನು ಇಟ್ಟಿದ್ದ ಪುಸ್ತಕವೂ ಇಳಿಯಿತು. ಆ ಭಾನುವಾರದ ಪುಟ ತೆರೆದೆ. ಎಡಕ್ಕೆ ಕಳಿಸಿದ್ದು, ಬಲಕ್ಕೆ ಬಂದದ್ದು. ಎಡಗಡೆ ಮೇಲಿನಿಂದ ಕೆಳಗೆ "ಇದ್ದೀಯಾ? ಇದ್ದೀಯಾ?" ಬಲಗಡೆ, ಬಂದ ಮಾತು: ಎರಡು ಸಲ ಫೇಲಾದವನಿಗೆ ರೇಡಿಯೋ ಯಾಕೆ? ಅದರ ಎದುರು, ಕಳಿಸಿದ್ದರಲ್ಲಿ, ನನ್ನದೇ ದುಂಡಗಿನ ಅಕ್ಷರದಲ್ಲಿ: ಎರಡಲ್ಲ, ಒಂದೇ ಸಲ.

ಎಡ ಬಲ ಅದಲುಬದಲು ಬರೆದಿರಬಹುದೇ ಎಂದು ಬಹಳ ಹೊತ್ತು ವೈಜ್ಞಾನಿಕವಾಗಿ ಯೋಚಿಸಿದೆ. ಆಮೇಲೆ ಶಾರದೆಯನ್ನು ಕೇಳಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಾ, ತಲೆ ಎತ್ತದೆ, "ಭಾವ ಅವತ್ತೇ ಅಕ್ಕನಿಗೆ ಹೇಳಿದ್ರಲ್ಲ. ಅಮ್ಮನಿಗೂ ಗೊತ್ತು," ಎಂದಳು.

"ಮತ್ತೆ ನೀನು ಎರಡು ವರ್ಷದಿಂದ ಯಾಕೆ ಸುಮ್ಮನಿದ್ದೆ?"

"ಅಷ್ಟು ಚೆನ್ನಾಗಿ ಹೇಳ್ತಿದ್ರಿ, ಕೇಳೋಕೆ ಖುಷಿಯಾಗ್ತಿತ್ತು. ಅಮ್ಮ ಅಂತೂ ಬಂದೋರ ಮುಂದೆಲ್ಲಾ ನಿಮ್ಮ ಬಾಯಲ್ಲಿ ಮತ್ತೆ ಮತ್ತೆ ಹೇಳಿಸ್ತಿರಲಿಲ್ವಾ?"

ಹೇಳಿಸುತ್ತಿದ್ದರು, ನಿಜ. ಸೆರಗು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಕೇಳುತ್ತಿದ್ದರು. ಅದು ಅಳಿಯನ ಔದಾರ್ಯಕ್ಕೆ ಬಂದ ಆನಂದಬಾಷ್ಪ ಎಂದು, ಯಾರನ್ನೂ ಸುಲಭವಾಗಿ ನಂಬದ ನಾನು, ಎರಡು ವರ್ಷ ನಂಬಿದ್ದೆ.